ಹಳೇ ಯೆಜ್ಡಿಗೆ ಕಸ್ಟಮ್ ಸೈಲೆನ್ಸರ್ ಮಾಡಿಸಲು ಮುಂಗಡ ಹಣ ಕೊಡಬಹುದೇ?

ನೀವು ಕೇಳಿರುವುದು ಇಷ್ಟು: ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಒಂದು ಜೋಡಿ ಸೈಲೆನ್ಸರ್, ಆಮೇಲೆ ಒಂದು ಪೆಟ್ರೋಲ್ ಟ್ಯಾಂಕು ಮಾಡಿಕೊಡುತ್ತೇವೆ ಎಂದು ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ಅಂಗಡಿಯವರು ಹೇಳಿದ್ದಾರೆ. ಮುಕ್ಕಾಲು ಹಣ ಮೊದಲೇ ಕೇಳುತ್ತಿದ್ದಾರೆ. ಕೊಡಬಹುದೇ, ಹೀಗೆ ಮಾಡಿಸಿ ಬೇಸರಪಟ್ಟವರು ಯಾರಾದರೂ ಇದ್ದೀರಾ?

ಇದ್ದೇನೆ. ಅದೂ ಇದೇ ಗಾಡಿಗೆ, ಇದೇ ಸೈಲೆನ್ಸರಿಗೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಗಾಡಿಯ ಅಳತೆ ಕಳಿಸಿ ಎಂದು ಅವರಾಗಿಯೇ ಕೇಳಿದ್ದಾರಾ? ಕೇಳಿಲ್ಲ ಅಂದರೆ ಒಂದು ರೂಪಾಯಿಯೂ ಕಳಿಸಬೇಡಿ.

ನಾನಿರುವುದು ಮೈಸೂರಿನಲ್ಲಿ. ಗಾಡಿ ಅಪ್ಪನದು, ಇದೇ ಊರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯದು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಈ ಗಾಡಿಗಳಿಗೆ ಕಂಪನಿಯ ಬಿಡಿಭಾಗ ಅನ್ನುವುದು ನಿಂತೇಹೋಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್ನು. ಅವುಗಳ ಸೈಲೆನ್ಸರು ನಮ್ಮ ಟೂ ಸ್ಟ್ರೋಕಿಗೆ ಕೂರುವುದಿಲ್ಲ. ನೀವು ಆನ್‌ಲೈನಿನಲ್ಲಿ ಯೆಜ್ಡಿ ಸೈಲೆನ್ಸರ್ ಎಂದು ಹುಡುಕಿದಾಗ ಮೊದಲು ಬರುವುದು ಅವೇ, ಎಚ್ಚರ. ನಮಗೆ ಉಳಿದಿರುವುದು ಯಾರದೋ ಗೋಡೌನಿನಲ್ಲಿ ಉಳಿದುಹೋದ ಹಳೇ ಸ್ಟಾಕು, ಗುಜರಿ, ಲೇತ್ ಅಂಗಡಿಗಳು, ಮತ್ತೆ ಇಂಥ ಸಣ್ಣ ತಯಾರಕರು. ಅದಕ್ಕೇ ಈ ವಿಷಯದಲ್ಲಿ ನನಗೆ ಹಣಕ್ಕಿಂತ ಹೆಚ್ಚು ಸಿಟ್ಟು. ಇಂಥ ಒಬ್ಬ ಅಂಗಡಿಯವರ ಕೈಯಲ್ಲಿ ಸಿಕ್ಕಿಹಾಕಿಕೊಂಡವರು ಇನ್ನು ಇದರ ಸಹವಾಸವೇ ಬೇಡ ಎಂದು ಗಾಡಿಯನ್ನೇ ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನನ್ನ ಗಾಡಿಯ ಹಳೇ ಸೈಲೆನ್ಸರುಗಳು ಒಳಗಿನಿಂದ ತುಕ್ಕು ತಿಂದು, ತಳದಲ್ಲಿ ತೂತು ಬಿದ್ದಿದ್ದವು. ಪೆಟ್ರೋಲಿನ ಜೊತೆ ಆಯಿಲ್ ಉರಿಯುವ ಎಂಜಿನ್ನು, ಹಾಗಾಗಿ ಒಳಗೆ ಕಾರ್ಬನ್ ಗಟ್ಟಿಯಾಗಿ, ಅದರ ಅಡಿಯಲ್ಲಿ ತೇವ ನಿಂತು ತಗಡು ಕೊಳೆಯುತ್ತದೆ. ಅಂಗಡಿಗಳಲ್ಲಿ ಸಿಗುವ ನಕಲು ಸೈಲೆನ್ಸರಿನ ತಗಡು ತೆಳು, ಕ್ರೋಮು ಒಂದು ಮಳೆಗಾಲ ಕಳೆದರೆ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿದರೆ ನನ್ನ ಕಾಲಕ್ಕೆ ಮತ್ತೆ ಯೋಚನೆಯಿಲ್ಲ ಅಂದುಕೊಂಡು ಹೊರರಾಜ್ಯದ ಒಂದು ಅಂಗಡಿಯನ್ನು ಸಂಪರ್ಕಿಸಿದೆ. ವಿಡಿಯೊಗಳು ಚೆನ್ನಾಗಿದ್ದವು, ಬೆಸುಗೆಯ ಗೆರೆ ನೀಟಾಗಿ ಕಾಣುತ್ತಿತ್ತು. ಜೋಡಿಗೆ 14,000 ರೂಪಾಯಿ, ಅರ್ಧ ಮುಂಗಡ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ), ಗೋಡೆಯ ದಪ್ಪ 1.5 ಮಿಲಿಮೀಟರ್, ಒಳಗೆ ಬಿಚ್ಚಿ ತೊಳೆಯಬಹುದಾದ ಬ್ಯಾಫಲ್ (ಸದ್ದು ತಗ್ಗಿಸುವ ಒಳಭಾಗ), ಎಲ್ಲವೂ ವಾಟ್ಸಾಪಿನಲ್ಲಿ ಒಪ್ಪಿಗೆಯಾಯಿತು.

ನಾನು ಎಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬೆಂಡ್ ಪೈಪಿನ ಹೊರವ್ಯಾಸ, ಬಾಗಿದ ಕಡೆಯ ಅಳತೆ, ಹಿಂದಿನ ಕ್ಲಾಂಪು ಎಲ್ಲಿ ಬರಬೇಕು, ಸೆಂಟರ್ ಸ್ಟ್ಯಾಂಡಿಗೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನೆಲ್ಲ ಕಾಗದದಲ್ಲಿ ಬರೆದು ಫೋಟೊ ಕಳಿಸಿದೆ. ಅವರು ಕೇಳಿರಲಿಲ್ಲ. ಹಳೇ ಪೈಪೊಂದನ್ನು ಮಾದರಿಗೆ ಕೊರಿಯರ್ ಮಾಡಲಾ ಎಂದದ್ದಕ್ಕೂ "ಬೇಡ ಸರ್, ಈ ಮಾಡೆಲ್ಲಿಗೆ ತುಂಬ ಮಾಡಿದ್ದೀವಿ" ಅಂದರು. ಉಳಿದ ಅರ್ಧ ಕೊಟ್ಟ ಮೇಲೆಯೇ ಮಾಲು ಹೊರಡುವುದು ಎಂಬ ಷರತ್ತಿತ್ತು. ಹೇಳಿದ್ದಕ್ಕಿಂತ ಬಹಳ ತಡವಾಗಿ ಬಂತು. ತಡವನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ, ಕೈಕೆಲಸ ಮಾಡುವವರಿಗೆ ತಡ ಸಹಜ.

ನೋಡಲು ನಿಜಕ್ಕೂ ಚೆಂದ. ತೊಂದರೆ ಶುರುವಾದದ್ದು ಗ್ಯಾರೇಜಿನಲ್ಲಿ. ಯೆಜ್ಡಿಯ ಬೆಂಡ್ ಪೈಪು ಸಿಲಿಂಡರಿಗೆ ಕೂರುವುದು ಮರೆ (ಥ್ರೆಡ್) ಇರುವ ರಿಂಗ್ ನಟ್ಟಿನಿಂದ, ಅದನ್ನು ಸಿ ಸ್ಪ್ಯಾನರಿನಲ್ಲಿ ಬಿಗಿಯಬೇಕು. ಪೈಪಿನ ತುದಿಯ ಅಂಚು ಸಮವಾಗಿದ್ದರೆ ಮಾತ್ರ ಒಳಗಿನ ಪ್ಯಾಕಿಂಗ್ ಮೇಲೆ ಸರಿಯಾಗಿ ಕೂರುತ್ತದೆ. ಬಂದ ಪೈಪಿನ ಅಂಚು ಸೊಟ್ಟ. ಎಷ್ಟು ಬಿಗಿದರೂ ಒಂದು ಬದಿಯಿಂದ ಹೊಗೆ, ಸ್ವಲ್ಪ ಹೊತ್ತಿಗೆ ಕಪ್ಪು ಆಯಿಲ್ ಒಸರಿ ಸಿಲಿಂಡರಿನ ರೆಕ್ಕೆಗಳ ಮೇಲೆ. ಎಡಗಡೆಯದು ಇನ್ನೂ ಕೆಟ್ಟದ್ದು. ಈ ಗಾಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಅದೂ ಎಡಗಡೆಗೆ. ಒಳಗೆ ಒತ್ತಿ, ಹಿಂದಕ್ಕೆ ತಿರುಗಿಸಿ, ಕಿಕ್ ಹೊಡೆದು, ಆಮೇಲೆ ಅದರಲ್ಲೇ ಗೇರು ಹಾಕುವುದು. ಪೈಪಿನ ಬಾಗು ಹೊರಕ್ಕೆ ಬಂದಿದ್ದರಿಂದ ಕಿಕ್ಕರು ಪೂರ್ತಿ ಕೆಳಗೆ ಹೋಗುವ ಮುಂಚೆಯೇ ಪೈಪಿಗೆ ಬಡಿಯುತ್ತಿತ್ತು. ಯೆಜ್ಡಿಗೆ ಒಮ್ಮೆಯಾದರೂ ಸೈಲೆನ್ಸರ್ ಹಾಕಿದವರು ಮಾಡುವ ಕೆಲಸ ಇದಲ್ಲ.

ಮೆಕ್ಯಾನಿಕ್ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಬಹಳ ವರ್ಷದಿಂದ ಈ ಗಾಡಿಗಳನ್ನೇ ಕಟ್ಟಿದ ಕೈ ಅವರದು. ಪೈಪಿನ ತುದಿಯಲ್ಲಿ ಒಂದರೊಳಗೊಂದು ತೂರಿಸಿ ಬೆಸೆದ ಪೈಪಿನ ತುಂಡು, ಕ್ಲಾಂಪಿನ ಪಕ್ಕದಲ್ಲಿ ಬೇರೆ ಯಾವುದೋ ಬ್ರಾಕೆಟ್ ಕೊಯ್ದು ಗ್ರೈಂಡರ್ ಆಡಿಸಿ ಪಾಲಿಶ್ ಹೊಡೆದ ಗುರುತು. ಅಂದರೆ ಬೇರೆ ಗಾಡಿಗೆಂದು ಮಾಡಿಟ್ಟಿದ್ದ ರೆಡಿ ಮಾಲನ್ನು ಕತ್ತರಿಸಿ, ಜೋಡಿಸಿ, ನನ್ನ ಗಾಡಿಗಾಗಿ ಮಾಡಿದ್ದು ಎಂದು ಕಳಿಸಿದ್ದರು. ನನ್ನ ಅಳತೆಯ ಕಾಗದ ಯಾಕೆ ಬೇಡವಾಗಿತ್ತು ಅನ್ನುವುದು ಆಗ ತಿಳಿಯಿತು. ರೆಡಿ ಮಾಲು ಮಾರುವುದು ತಪ್ಪಲ್ಲ. ಹಾಗೆಂದು ಹೇಳಿ, ಅದರ ಬೆಲೆಗೆ ಮಾರಬೇಕು.

ಟೂ ಸ್ಟ್ರೋಕಿನಲ್ಲಿ ಸೈಲೆನ್ಸರು ಬರೀ ಸದ್ದು ತಗ್ಗಿಸುವ ಡಬ್ಬಿಯಲ್ಲ, ಎಂಜಿನ್ನಿನ ಒಂದು ಅಂಗ. ಇದು ನಿಮಗೆ ಗೊತ್ತಿರಲೇಬೇಕು. ವಾಲ್ವುಗಳಿಲ್ಲದ ಈ ಎಂಜಿನ್ನಿನಲ್ಲಿ ಹೊಗೆ ಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣವೂ ಸಿಲಿಂಡರಿನೊಳಗೆ ಬರುತ್ತದೆ, ಅದರಲ್ಲಿ ಒಂದಷ್ಟು ಹೊಗೆಯ ಹಿಂದೆಯೇ ಹೊರಗೆ ಹೋಗಿಬಿಡುತ್ತದೆ. ಪೈಪಿನೊಳಗೆ ನುಗ್ಗಿದ ಒತ್ತಡದ ಅಲೆ ಬಾವಿಯೊಳಗೆ ಹಾಕಿದ ಕೂಗಿನ ಹಾಗೆ ತುದಿಗೆ ತಗುಲಿ ವಾಪಸು ಬಂದು, ಕಿಂಡಿ ಮುಚ್ಚುವ ಮುನ್ನ ಆ ಮಿಶ್ರಣವನ್ನು ಒಳಗೆ ತಳ್ಳಬೇಕು. ಅಲೆ ಯಾವಾಗ ವಾಪಸು ಬರುತ್ತದೆ ಅನ್ನುವುದು ಪೈಪಿನ ಉದ್ದ, ಒಳಗಿನ ಕೋನು, ಬ್ಯಾಫಲ್ಲಿನ ಮೇಲೆ ನಿಂತಿದೆ. ಯೆಜ್ಡಿಯ ಗುಣವೇ ಕೆಳಗಿನ ವೇಗದ ಎಳೆತ, ಹೆಚ್ಚಿನ ಗೇರಿನಲ್ಲೂ ನಿಧಾನವಾಗಿ ಹೋಗಬಹುದು. ಹೊಸ ಜೋಡಿ ಹಾಕಿದ ಮೇಲೆ ಆ ಎಳೆತ ಮಾಯ. ಚಾಮುಂಡಿ ಬೆಟ್ಟದ ಏರಿಗೆ ಅಪ್ಪ ಯಾವತ್ತೂ ಇಳಿಸದ ಗೇರನ್ನು ನಾನು ಇಳಿಸಬೇಕಾಯಿತು. ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗೆ. ಚಾಕಲೇಟ್ ಬಣ್ಣ ಇದ್ದರೆ ಸರಿ, ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ನು ಸುಡುತ್ತಿದೆ ಎಂದು ಅರ್ಥ. ಮಿಶ್ರಣದಲ್ಲೇ ಆಯಿಲ್ ಇರುವ ಗಾಡಿಗೆ ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. "ಹೀಗೇ ಓಡಿಸಿದ್ರೆ ಪಿಸ್ಟನ್ ಹಿಡ್ಕೊಳತ್ತೆ, ಮನೆಗೆ ತಳ್ಕೊಂಡೇ ಹೋಗಿ" ಅಂದರು ಮೆಕ್ಯಾನಿಕ್. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ದೊಡ್ಡದು ಹಾಕಿದಾಗ ಪ್ಲಗ್ಗಿನ ಬಣ್ಣ ಸರಿಹೋಯಿತು, ಎಳೆತ ಬರಲಿಲ್ಲ.

ಸ್ಟೀಲಿನ ಮಾತೂ ಸುಳ್ಳು. ಆಯಸ್ಕಾಂತ ಅಂಟದಿದ್ದರೆ 304 ಎಂದು ಬಹಳ ಜನ ನಂಬುತ್ತಾರೆ, ಅಂಗಡಿಯವರೂ ವಿಡಿಯೊದಲ್ಲಿ ಅದನ್ನೇ ತೋರಿಸುತ್ತಾರೆ. ಅಗ್ಗದ 202ಕ್ಕೂ ಆಯಸ್ಕಾಂತ ಅಂಟುವುದಿಲ್ಲ. 304ರಲ್ಲಿ ನಿಕಲ್ ಸುಮಾರು ಶೇ. 8, ಆದರೆ 202ರಲ್ಲಿ ಶೇ. 4ರಿಂದ 6. ಕಮ್ಮಿಯಾದ ನಿಕಲ್ಲಿನ ಜಾಗಕ್ಕೆ ಮ್ಯಾಂಗನೀಸ್ ತುಂಬಿರುತ್ತಾರೆ, ತುಕ್ಕು ಬೇಗ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಕಡೆ, ಕಾರು ಬೈಕುಗಳ ಸೈಲೆನ್ಸರಿಗೆ ಬಳಸುವ 409ಕ್ಕೆ ಆಯಸ್ಕಾಂತ ಅಂಟುತ್ತದೆ, ಅಷ್ಟಕ್ಕೇ ಅದು ಕಳಪೆಯಲ್ಲ. ಗುಜರಿಯವರ ಹತ್ತಿರ ಒಂದು ಹನಿ ಹಾಕಿ ಬಣ್ಣ ನೋಡುವ ದ್ರಾವಣ ಇರುತ್ತದೆ, 202 ಆದರೆ ಕೆಂಪಗಾಗುತ್ತದೆ. ನನ್ನದು ಕೆಂಪಾಯಿತು.

ಅಂಗಡಿಯವರಿಗೆ ಫೋಟೊ, ವಿಡಿಯೊ ಎಲ್ಲ ಕಳಿಸಿದೆ. ಮೊದಲು ಫಿಟ್ಟಿಂಗ್ ಸರಿಯಿಲ್ಲ ಅಂದರು, ಆಮೇಲೆ ಗಾಡಿಯ ಚಾಸಿಯೇ ಬಾಗಿರಬೇಕು ಅಂದರು, ಕೊನೆಗೆ "ಕಸ್ಟಮ್ ಆರ್ಡರಿಗೆ ರಿಟರ್ನ್ ಇಲ್ಲ". ಈ ಕೊನೆಯ ಮಾತಿಗೆ ನೀವು ಹೆದರಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ನನಗೆ ಬಿಲ್ಲು ಕೊಟ್ಟಿರಲಿಲ್ಲ, ಹಣ ಹೋದದ್ದು ಒಬ್ಬ ವ್ಯಕ್ತಿಯ ಯುಪಿಐಗೆ. ಆದರೂ ವಾಟ್ಸಾಪ್ ಮಾತುಕತೆ, ಯುಪಿಐ ದಾಖಲೆ, ನಾನು ಕಳಿಸಿದ ಅಳತೆಯ ಕಾಗದ, ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೊ ಇದ್ದವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅವರು ತೀರ್ಪು ಕೊಡುವವರಲ್ಲ, ನಡುವೆ ನಿಂತು ಮಾತಾಡಿಸುವವರು. ಅದರ ಜೊತೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ಬರೆದೆ. ದೂರುದಾರರು ತಾವಿರುವ ಊರಿನ ಆಯೋಗದಲ್ಲೇ ದೂರು ಹಾಕಬಹುದು, ಮಾರಿದವರ ರಾಜ್ಯಕ್ಕೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ತನಕ ಅವಕಾಶ ಇದೆ, ವಕೀಲರು ಇರಲೇಬೇಕೆಂದೂ ಇಲ್ಲ. ಇದನ್ನು ಬರೆದ ಮೇಲೆ ಅವರ ದನಿ ಬದಲಾಯಿತು. ಮಾಲು ವಾಪಸು ಕಳಿಸಿದೆ, ಅರ್ಧ ಹಣ ಬಂತು. ಉಳಿದರ್ಧ ಇನ್ನೂ ಬಂದಿಲ್ಲ, ಆಯೋಗಕ್ಕೆ ಹಾಕಲು ಕಾಗದಪತ್ರ ಸಿದ್ಧಮಾಡುತ್ತಿದ್ದೇನೆ. ಮೊತ್ತ ಸಣ್ಣದು ಎಂದು ಎಲ್ಲರೂ ಸುಮ್ಮನಾಗುವುದರಿಂದಲೇ ಇಂಥ ವ್ಯಾಪಾರ ನಡೆಯುತ್ತಿದೆ, ನಾನು ಬಿಡುವುದಿಲ್ಲ.

ಸದ್ದಿನ ವಿಷಯವೂ ನೋಡಿಕೊಳ್ಳಿ. 175 ಸಿಸಿಗಿಂತ ದೊಡ್ಡ ಎಂಜಿನ್ನಿನ ದ್ವಿಚಕ್ರ ವಾಹನಗಳಿಗೆ ತಯಾರಿಕೆಯ ಹಂತದಲ್ಲಿ ಈಗಿರುವ ಮಿತಿ 80 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲರೂಪ ಬದಲಿಸುವುದನ್ನು ತಡೆಯುತ್ತದೆ. ನಿಯಮ ಮೀರಿ ಬದಲಿಸಿದ ಮಾಲೀಕನಿಗೆ 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಸಜೆ, ಇಲ್ಲವೇ ಎರಡೂ. ನಮ್ಮ ರಾಜ್ಯದ ಪೊಲೀಸರು ಹಿಡಿದ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸುವ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕಂಪನಿಯ ಮಾದರಿಯದೇ ಆಕಾರ, ಅದರದೇ ಸದ್ದು ಇರುವಂತೆ ಮಾಡಿಸಿ. ಬ್ಯಾಫಲ್ ಇಲ್ಲದ್ದನ್ನು ಯಾರು ಎಷ್ಟು ಹೊಗಳಿದರೂ ತೆಗೆದುಕೊಳ್ಳಬೇಡಿ, ಈ ಎಂಜಿನ್ನಿಗೂ ಅದು ಒಳ್ಳೆಯದಲ್ಲ.

ಈಗ ನನ್ನ ಗಾಡಿಯಲ್ಲಿರುವುದು ಇಲ್ಲೇ ಮೈಸೂರಿನಲ್ಲಿ ಒಬ್ಬ ವೆಲ್ಡರ್ ಮಾಡಿಕೊಟ್ಟ ಜೋಡಿ. ಅವರಿಗೆ ಇನ್‌ಸ್ಟಾಗ್ರಾಂ ಇಲ್ಲ. ಮೊದಲು ಕೇಳಿದ್ದೇ ಹಳೇ ಪೈಪು. ಅದನ್ನು ಉದ್ದಕ್ಕೆ ಸೀಳಿ ಒಳಗಿನ ಕೋನು, ತಟ್ಟೆಗಳ ಅಳತೆ ಬರೆದುಕೊಂಡರು, ಆಮೇಲೆ ಗಾಡಿಯನ್ನೇ ಅಂಗಡಿಗೆ ತರಿಸಿ, ಚುಕ್ಕಿ ವೆಲ್ಡಿಂಗ್ ಹಾಕಿ ಕಿಕ್ ಹೊಡೆಸಿ ನೋಡಿ, ಎಲ್ಲವೂ ಸರಿ ಎಂದ ಮೇಲೆ ಪೂರ್ತಿ ಬೆಸೆದರು. ಹಣ ಹಂತಹಂತವಾಗಿ ತೆಗೆದುಕೊಂಡರು: ತಗಡಿಗೆ ಮೊದಲು, ಚುಕ್ಕಿ ವೆಲ್ಡಿಂಗ್ ಆದಾಗ ಸ್ವಲ್ಪ, ಓಡಿಸಿ ನೋಡಿದ ಮೇಲೆ ಉಳಿದದ್ದು. ಪಾಲಿಶ್ ಅಷ್ಟು ಮಿಂಚುವುದಿಲ್ಲ, ಬೆಸುಗೆಯ ಗೆರೆ ಕಾಣುತ್ತದೆ. ಆದರೆ ಬೆಟ್ಟದ ಏರಿಗೆ ಈಗ ಗೇರು ಇಳಿಸಬೇಕಾಗಿಲ್ಲ.

ನಿಮ್ಮ ಅಂಗಡಿಯವರಿಗೂ ಇದೇ ಪ್ರಸ್ತಾಪ ಇಡಿ. ತಗಡಿನ ಖರ್ಚಿನಷ್ಟು ಮಾತ್ರ ಮುಂಗಡ, ಅಳತೆಯ ಚಿತ್ರಕ್ಕೆ ಅವರ ಸಹಿ, ಜಿಎಸ್‌ಟಿ ಬಿಲ್ಲು, ಅರ್ಧ ಕೆಲಸದ ಫೋಟೊದಲ್ಲಿ ನಿಮ್ಮ ಹೆಸರು ಬರೆದ ಚೀಟಿ. ಟ್ಯಾಂಕನ್ನು ಇವರಿಂದಲೇ ಈಗಲೇ ಮಾಡಿಸಬೇಡಿ, ಮೊದಲು ಸೈಲೆನ್ಸರು ಬಂದು ಕೂರಲಿ. ಸೈಲೆನ್ಸರು ಸೋರಿದರೆ ಹೊಗೆ, ಟ್ಯಾಂಕು ಸೋರಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು. ಟ್ಯಾಂಕು ಮಾಡಿಸುವಾಗ ಪೇಂಟ್ ಹೊಡೆಯುವ ಮುಂಚೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದಾ ಎಂದು ವಿಡಿಯೊ ಕಾಲಿನಲ್ಲಿ ತೋರಿಸಲು ಹೇಳಿ, ಪೆಟ್ರೋಲ್ ಕಾಕ್ (ನಲ್ಲಿ) ಕೂರುವ ಕಡೆಯ ಮರೆ ನಿಮ್ಮ ಹಳೇ ಕಾಕಿಗೆ ಕೂರುತ್ತದಾ ನೋಡಿ. ಇದಕ್ಕೆಲ್ಲ ಅವರು ಏನು ಹೇಳಿದರು ಅನ್ನುವುದನ್ನು ಇಲ್ಲೇ ಕೆಳಗೆ ಬರೆಯಿರಿ. ಗೊಂದಲ ಅನ್ನಿಸಿದರೆ ಅಳತೆಯ ಚಿತ್ರದ ನನ್ನ ಪ್ರತಿ ಕಳಿಸಿಕೊಡುತ್ತೇನೆ.