ಅಮೆರಿಕದ ರಾಬರ್ಟಾ ಫ್ಲ್ಯಾಕ್ ಗಾಯಕಿಯಾಗುವ ಮೊದಲು ಟೀಚರ್ ಆಗಿದ್ದರಂತೆ, ನಿಜವಾ?

ಹೌದು, ನಿಜ. 15ನೇ ವಯಸ್ಸಿಗೇ ಸ್ಕಾಲರ್‌ಶಿಪ್ ಗಿಟ್ಟಿಸಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದವರು. ತಂದೆ ತೀರಿಕೊಂಡಾಗ ಮುಂದಿನ ಓದು ನಿಲ್ಲಿಸಿ ನಾರ್ತ್ ಕೆರೊಲಿನಾದಲ್ಲಿ ಟೀಚರ್ ಆದರು, ಆಮೇಲೆ ವಾಷಿಂಗ್ಟನ್‌ನಲ್ಲಿ. ಹಗಲು ಮಕ್ಕಳಿಗೆ ಪಾಠ, ರಾತ್ರಿ ಕ್ಲಬ್ಬಿನಲ್ಲಿ ಪಿಯಾನೋ ಮುಂದೆ ಕೂತು ಹಾಡು. ಕೈಯಲ್ಲಿದ್ದ ನೌಕರಿ ಬಿಡೋದು ಸುಲಭ ಅಲ್ವಲ್ಲ!

ಹೆಸರು ಬಂದಿದ್ದೂ ತಡವಾಗಿಯೇ. 1969ರಲ್ಲಿ ಹಾಡಿದ್ದ ನಿಧಾನಗತಿಯ ಪ್ರೇಮಗೀತೆಯೊಂದನ್ನು ಹಾಲಿವುಡ್ ನಟ-ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ತಮ್ಮ ಸಿನಿಮಾಕ್ಕೆ ಬಳಸಿಕೊಂಡರು. 1972ರಲ್ಲಿ ಅದು ಅಮೆರಿಕದ ನಂಬರ್ 1 ಹಾಡಾಯಿತು. 1973 ಮತ್ತು 1974ರಲ್ಲಿ, ಸತತ ಎರಡು ವರ್ಷ, 'ವರ್ಷದ ರೆಕಾರ್ಡ್' (ವರ್ಷದ ಅತ್ಯುತ್ತಮ ರೆಕಾರ್ಡಿಂಗ್) ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದ ಮೊದಲ ಕಲಾವಿದೆ ಇವರೇ.

ಕಲಿಸುವ ಆಸೆ ಮಾತ್ರ ಹೋಗಲಿಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಮಕ್ಕಳಿಗೆ ಉಚಿತವಾಗಿ ಸಂಗೀತ ಹೇಳಿಕೊಡಲು ತಮ್ಮ ಹೆಸರಲ್ಲೇ ಸಂಗೀತ ಶಾಲೆ ಶುರು ಮಾಡಿಸಿದರು. ನನಗಂತೂ ಗ್ರ್ಯಾಮಿಗಿಂತ ಇದೇ ಜಾಸ್ತಿ ಇಷ್ಟ.