ಟೆಸ್ಟಿಂಗ್‌ಗೆ ಒಂದೇ ವಾರ ಉಳಿದಾಗ ಏನನ್ನು ಬಿಡಬಹುದು?

ಪ್ರಶ್ನೆ: ಪತ್ತಿನ ಸಹಕಾರ ಸಂಘಗಳಿಗೆ ತಂತ್ರಾಂಶ ಮಾಡಿಕೊಡುವ ಸಣ್ಣ ತಂಡವೊಂದರಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೇನೆ. ಠೇವಣಿ, ಸಾಲ, ಬಡ್ಡಿ, ಪಾಸ್‌ಬುಕ್ ಮುದ್ರಣಗಳಿರುವ ಹೊಸ ಆವೃತ್ತಿ ಸಿದ್ಧವಾಗಿದೆ. ಕೋಡಿಂಗ್ ತಡವಾದ ಕಾರಣ ಟೆಸ್ಟಿಂಗ್‌ಗೆ ಇಟ್ಟಿದ್ದ ಮೂರು ವಾರಗಳಲ್ಲಿ ಒಂದೇ ವಾರ ಉಳಿದಿದೆ. ಬಿಡುಗಡೆಯ ದಿನಾಂಕ ಬದಲಾಗದು ಎಂದು ಮ್ಯಾನೇಜರ್ ಹೇಳುತ್ತಿದ್ದಾರೆ. ಏನನ್ನು ಪರೀಕ್ಷಿಸಲಿ, ಏನನ್ನು ಬಿಡಲಿ? ನಾಳೆ ದೋಷ ಕಂಡರೆ ಹೊಣೆ ಯಾರದು?

ಉತ್ತರ: ಮೂರು ವಾರ ಸಿಕ್ಕಿದ್ದರೂ ಎಲ್ಲವನ್ನೂ ಪರೀಕ್ಷಿಸಲು ಆಗುತ್ತಿರಲಿಲ್ಲ. ಬಡ್ಡಿ ದರ, ಅವಧಿ, ಮೊತ್ತ, ದಿನಾಂಕ, ಸದಸ್ಯರ ವರ್ಗ ಇವಿಷ್ಟರ ಜೋಡಣೆಗಳೇ ಲೆಕ್ಕಕ್ಕೆ ಸಿಗದಷ್ಟಾಗುತ್ತವೆ. ಆದ್ದರಿಂದ ಕೆಲವನ್ನು ಬಿಡುವುದು ನಿಮ್ಮ ಕೆಲಸದ ಭಾಗವೇ ಆಗಿದೆ. ಏನನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದು ಎಲ್ಲಿಯೂ ದಾಖಲಾಗದೆ ಉಳಿದಾಗಲೇ ತೊಂದರೆ ಶುರುವಾಗುವುದು.

ದೋಷ ಬರುವ ಸಾಧ್ಯತೆಗೆ ಒಂದು ಅಂಕ, ಬಂದರೆ ಆಗುವ ಹಾನಿಗೆ ಇನ್ನೊಂದು ಅಂಕ ಕೊಟ್ಟು ಎರಡನ್ನೂ ಗುಣಿಸುವ ಕೋಷ್ಟಕವನ್ನು ಅನೇಕ ತಂಡಗಳು ಬಳಸುತ್ತವೆ. ಚರ್ಚೆ ಆರಂಭಿಸಲು ಅದು ಸಾಕು, ತೀರ್ಮಾನಕ್ಕೆ ಸಾಲದು. ಪಾಸ್‌ಬುಕ್ಕಿನ ಸಾಲು ಪದೇ ಪದೇ ಕೊಂಚ ಓರೆಯಾಗುವುದಕ್ಕೂ, ಮಾರ್ಚ್ 31ರಂದು ಠೇವಣಿದಾರರೆಲ್ಲರಿಗೂ ಬಡ್ಡಿ ಎರಡು ಸಲ ಜಮೆಯಾಗುವುದಕ್ಕೂ ಆ ಕೋಷ್ಟಕ ಒಂದೇ ಅಂಕ ಕೊಟ್ಟೀತು: ಮೊದಲನೆಯದಕ್ಕೆ ಸಾಧ್ಯತೆ 5, ಹಾನಿ 1; ಎರಡನೆಯದಕ್ಕೆ ಸಾಧ್ಯತೆ 1, ಹಾನಿ 5; ಗುಣಿಸಿದರೆ ಎರಡೂ ಐದೇ. ನನ್ನನ್ನು ಕೇಳಿದರೆ, ಮೊದಲು ಹಾನಿಯನ್ನಷ್ಟೇ ನೋಡಿ: ತಪ್ಪಾದ ಮೇಲೆ ಸರಿಪಡಿಸಲು ಆಗದಂಥವು ಯಾವುವು? ಹಣ ಸಂಘದಿಂದ ಹೊರಗೆ ಹೋಗುವ ಕಡೆ, ಹಳೆಯ ದತ್ತಾಂಶ ಹೊಸದಕ್ಕೆ ವರ್ಗವಾಗುವ ಕಡೆ ಅವು ಇರುತ್ತವೆ. ನಿಮ್ಮ ವಾರದ ಹೆಚ್ಚಿನ ಪಾಲು ಅಲ್ಲಿಗೇ ಸಲ್ಲಬೇಕು.

ಬಡ್ಡಿಗೆ ನೂರಾರು ಟೆಸ್ಟ್ ಕೇಸ್ ಬರೆಯುತ್ತ ಕೂರುವ ಬದಲು ಸಂಘವೊಂದರ ಮುಗಿದ ತಿಂಗಳ ವ್ಯವಹಾರವನ್ನು ಹೊಸ ತಂತ್ರಾಂಶದಲ್ಲಿ ಮತ್ತೆ ಓಡಿಸಿ, ಹಳೆಯದರ ಫಲಿತಾಂಶದೊಂದಿಗೆ ಖಾತೆಖಾತೆಯಾಗಿ ತಾಳೆ ನೋಡಿ. ಪೈಸೆಗಳ ವ್ಯತ್ಯಾಸ ಕಂಡರೆ ಕಡೆಗಣಿಸಬೇಡಿ: ದಶಮಾಂಶದ 0.1 ಎಂಬ ಸಂಖ್ಯೆಯನ್ನು ಕಂಪ್ಯೂಟರಿನ ಫ್ಲೋಟಿಂಗ್ ಪಾಯಿಂಟ್ (ಭಿನ್ನಾಂಶವಿರುವ ಸಂಖ್ಯೆಗಳನ್ನು ದ್ವಿಮಾನದಲ್ಲಿ ಇಡುವ ರೂಪ) ನಿಖರವಾಗಿ ಹಿಡಿದಿಡಲಾರದು, ಹೀಗಾಗಿ ಹಣವನ್ನು ಆ ರೂಪದಲ್ಲಿ ಲೆಕ್ಕಹಾಕುವ ಕೋಡ್ ಸಾವಿರಾರು ಖಾತೆಗಳ ಮೊತ್ತದಲ್ಲಿ ಸಿಕ್ಕಿಬೀಳುತ್ತದೆ. ಫೆಬ್ರವರಿ 29, ತಿಂಗಳ ಕೊನೆಯ ದಿನ, ಅವಧಿಗೆ ಮುನ್ನವೇ ಮುರಿದ ಠೇವಣಿ ಇವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಹಳೆಯ ದತ್ತಾಂಶದಲ್ಲಿ ಸದಸ್ಯರ ಹೆಸರುಗಳು ಯೂನಿಕೋಡ್‌ಗೆ ಮುಂಚಿನ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದರೆ ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳಿರುವ ಹೆಸರುಗಳನ್ನು ಹುಡುಕಿ ಕಣ್ಣಾರೆ ಓದಿ. ವರದಿಗಳ ಬಣ್ಣ, ಅಪರೂಪಕ್ಕೆ ತೆರೆಯುವ ಪರದೆಗಳು ಮುಂದಿನ ಆವೃತ್ತಿಯವರೆಗೆ ಕಾಯಬಹುದು.

ಟೆಸ್ಟಿಂಗ್ ಯೋಜನೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಬಿಡುಗಡೆಯ ಕ್ರಿಯೆಯೇ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಹಣ ಕಳೆದುಕೊಂಡಿತು. ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಒಂದು ತಪ್ಪಿಹೋಯಿತು, ಎಂಟೂ ಆದವೇ ಎಂದು ಎರಡನೆಯವರು ನೋಡುವ ಪದ್ಧತಿ ಅಲ್ಲಿರಲಿಲ್ಲ. ತಪ್ಪಿಹೋದ ಸರ್ವರ್‌ನಲ್ಲಿ 2003ರಲ್ಲೇ ಬಳಕೆ ನಿಂತಿದ್ದ ಕೋಡ್ ಹಾಗೆಯೇ ಉಳಿದಿತ್ತು. ಹೊಸ ಸೌಲಭ್ಯಕ್ಕೆಂದು ಮರುಬಳಸಿದ್ದ ಫ್ಲ್ಯಾಗ್ (ಕೋಡಿನ ಒಂದು ಭಾಗವನ್ನು ಚಾಲೂ ಮಾಡುವ ಗುರುತು) ಆ ಹಳೆಯ ಕೋಡನ್ನು ಚಾಲೂ ಮಾಡಿತು, ಅದು ಲಕ್ಷಾಂತರ ಆರ್ಡರುಗಳನ್ನು ಮಾರುಕಟ್ಟೆಗೆ ಸುರಿಯಿತು. ಮಾರುಕಟ್ಟೆ ತೆರೆಯುವ ಮುನ್ನವೇ ದೋಷದ ಸುಳಿವಿದ್ದ 97 ಇಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು, ಅವನ್ನು ಎಚ್ಚರಿಕೆಯೆಂದು ಯಾರೂ ಓದಿರಲಿಲ್ಲ. ಸಾಲದೆಂಬಂತೆ, ಗಾಬರಿಯಲ್ಲಿ ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡನ್ನು ತೆಗೆದುಹಾಕಿ, ಅಲ್ಲೂ ಹಳೆಯ ಕೋಡ್ ಓಡುವಂತಾಗಿ ನಷ್ಟವನ್ನು ಹೆಚ್ಚಿಸಿಕೊಂಡರು. ನಿಮ್ಮ ಪ್ರಮಾಣ ಚಿಕ್ಕದಿರಬಹುದು, ಆದರೆ ಹತ್ತು ಶಾಖೆಗಳಲ್ಲಿ ಒಂಬತ್ತಕ್ಕೆ ಮಾತ್ರ ಹೊಸ ಆವೃತ್ತಿ ಹೋಗುವುದು ನಿಮ್ಮಲ್ಲೂ ಸಾಧ್ಯ. ಅಳವಡಿಸುವ ಹೆಜ್ಜೆಗಳನ್ನು ಬರೆದಿಡಿ, ಪ್ರತಿ ಶಾಖೆಯ ಆವೃತ್ತಿ ಸಂಖ್ಯೆಯನ್ನು ಇನ್ನೊಬ್ಬರು ನೋಡಲಿ, ಹಿಂದಿನ ಆವೃತ್ತಿಗೆ ಮರಳುವುದನ್ನು ಬಿಡುಗಡೆಗೆ ಮುನ್ನ ಒಮ್ಮೆ ನಿಜವಾಗಿಯೂ ಮಾಡಿ ನೋಡಿ. ಇದಕ್ಕೆ ಒಂದು ದಿನ ಹೋಗುತ್ತದೆ. ಪರದೆಗಳ ಪರೀಕ್ಷೆಯಿಂದ ಆ ದಿನವನ್ನು ಕಿತ್ತುಕೊಳ್ಳಿ.

ಇನ್ನು ಹೊಣೆಯ ಮಾತು. ಬಿಡುಗಡೆ ಮಾಡುವ ತೀರ್ಮಾನ ಟೆಸ್ಟರ್‌ನದಲ್ಲ, ಮಾಡಲೂಬಾರದು. ತೀರ್ಮಾನಿಸುವವರಿಗೆ ನಿಜಸ್ಥಿತಿ ತಿಳಿಸುವುದಷ್ಟೇ ನಿಮ್ಮದು. ಪರೀಕ್ಷಿಸಿದ್ದು, ಪರೀಕ್ಷಿಸದೇ ಬಿಟ್ಟದ್ದು, ಅದರಿಂದ ಆಗಬಹುದಾದ ಹಾನಿ ಇಷ್ಟನ್ನು ಒಂದೇ ಪುಟದಲ್ಲಿ ಬರೆದು, ಬಿಡುಗಡೆಗೆ ಎರಡು ದಿನ ಮುಂಚೆ ಮ್ಯಾನೇಜರಿಗೆ ಕಳುಹಿಸಿ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಕೇಳಿ. ಬದಲಾಗದು ಎಂದಿದ್ದ ದಿನಾಂಕವೂ ಆ ಪುಟ ಓದಿದ ಮೇಲೆ ಕೆಲವೊಮ್ಮೆ ಬದಲಾಗುತ್ತದೆ.

ಪ್ರಶ್ನೆ: ನಮ್ಮ ಬಿಲ್ಲಿಂಗ್ ಮಾಡ್ಯೂಲ್ ವರ್ಷಗಳಿಂದ ಔಷಧ ಅಂಗಡಿಗಳಲ್ಲಿ ತೊಂದರೆಯಿಲ್ಲದೆ ನಡೆಯುತ್ತಿದೆ. ಅದನ್ನೇ ಸಗಟು ವ್ಯಾಪಾರಿಗೆ ಕೊಡುವಾಗ ಮತ್ತೆ ಪರೀಕ್ಷಿಸಬೇಕೆ?

ಉತ್ತರ: ಬೇಕು. 1996ರ ಜೂನ್ 4ರಂದು ಐರೋಪ್ಯ ರಾಕೆಟ್ ಏರಿಯಾನ್ 5 ಮೊದಲ ಹಾರಾಟದಲ್ಲಿಯೇ ನಾಶವಾಯಿತು; ಕಾರಣ, ರಾಕೆಟ್ಟಿನ ದಿಕ್ಕು, ಚಲನೆಗಳನ್ನು ಅಳೆಯುವ ಉಪಕರಣದಲ್ಲಿದ್ದ, ಏರಿಯಾನ್ 4ರಲ್ಲಿ ಸರಿಯಾಗಿ ನಡೆಯುತ್ತಿದ್ದ ಕೋಡ್. ಹೊಸ ರಾಕೆಟ್ಟಿನ ಸಮತಲ ವೇಗ ಹೆಚ್ಚಿದ್ದರಿಂದ ಅದಕ್ಕೆ ಸಂಬಂಧಿಸಿದ ಒಂದು ಮೌಲ್ಯ, ಧನ ಋಣ ಎರಡೂ ಸಂಖ್ಯೆಗಳನ್ನು ಇಡುವ 16 ಬಿಟ್‌ ಜಾಗದ ಗರಿಷ್ಠ ಮಿತಿಯಾದ 32,767ನ್ನು ಮೀರಿತು. ಆ ಉಪಕರಣಕ್ಕೆ ಬದಲಿಯಾಗಿ ಇಟ್ಟಿದ್ದ ಇನ್ನೊಂದರಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತು. ಹೊಸ ಪಥದ ಮಾಹಿತಿಯನ್ನು ಹಾಕಿ ಆ ಉಪಕರಣವನ್ನು ನೆಲದ ಮೇಲೆ ಪರೀಕ್ಷಿಸಿರಲಿಲ್ಲ. ಸಗಟು ವ್ಯಾಪಾರದಲ್ಲಿ ಪ್ರಮಾಣ, ಮೊತ್ತ, ಒಂದು ಬಿಲ್ಲಿನ ಸಾಲುಗಳ ಸಂಖ್ಯೆ ಎಲ್ಲವೂ ದೊಡ್ಡವು. ಆ ವ್ಯಾಪಾರಿಯ ಕಳೆದ ವರ್ಷದ ಅತಿ ದೊಡ್ಡ ಬಿಲ್ಲುಗಳನ್ನು ಕೇಳಿ ಪಡೆದು, ಮೊದಲು ಅವನ್ನೇ ಹಾಕಿ ನೋಡಿ.