ಮೂಲಚಿಹ್ನೆಯೂ ಒಂದು ಘಾತಾಂಕವೇ

ಒಂಬತ್ತನೇ ತರಗತಿಯ ಮಗಳಿಗೆ ಹೇಳಿಕೊಡಲು ಕುಳಿತು ಎರಡು ಲೆಕ್ಕಗಳಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಬರೆದಿದ್ದೀರಿ. √(72ಅ⁵) − ಅ√(8ಅ³) ಎಂಬುದರಲ್ಲಿ 72ರಿಂದ 8 ಕಳೆದು, ಉಳಿದ 64ಕ್ಕೆ ಮೂಲ ತೆಗೆದಿರಿ. ಪುಸ್ತಕದ ಉತ್ತರ ಬೇರೆಯೇ ಇತ್ತು. ³√(ಅ²) × √ಅ ÷ ⁶√ಅ ಎಂಬುದನ್ನಂತೂ ಎಲ್ಲಿಂದ ಹಿಡಿಯಬೇಕೆಂದೇ ತೋಚಲಿಲ್ಲ. ನಾನು ಹಲವು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿದ್ದೇನೆ. ಆ 64ನ್ನು ಚೆನ್ನಾಗಿ ಓದುವ ಮಕ್ಕಳ ಉತ್ತರ ಪತ್ರಿಕೆಗಳಲ್ಲಿಯೂ ಪ್ರತಿ ವರ್ಷ ನೋಡುತ್ತೇನೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೇಸ್ತ್ರಿ ಮನೆಯ ಪಾಯಕ್ಕೆ ಗುರುತು ಹಾಕುವುದನ್ನು ನೀವು ನೋಡಿರಬಹುದು. ಒಂದು ದಾರದ ಮೇಲೆ ಮೂಲೆಯಿಂದ 3 ಅಡಿ, ಇನ್ನೊಂದು ದಾರದ ಮೇಲೆ 4 ಅಡಿ ಗುರುತಿಸಿ, ಆ ಎರಡು ಗುರುತುಗಳ ನಡುವೆ ಟೇಪ್ ಹಿಡಿಯುತ್ತಾರೆ. ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ ಎಂದು ಅರ್ಥ. ಇದು √(9 + 16) = 5. ಮೂಲವನ್ನು ಕೂಡಿಸುವ ಸಂಖ್ಯೆಗಳಿಗೆ ಹಂಚಿಕೊಡಬಹುದಾಗಿದ್ದರೆ 3 + 4 = 7 ಬರಬೇಕಿತ್ತು. ಹಾಗಾದರೆ ಗೋಡೆಯ ಗುಂಟ ಮೂಲೆ ಸುತ್ತಿ ಬಂದವರೂ ಅಡ್ಡ ಹಾಯ್ದು ಬಂದವರೂ ಒಂದೇ ದೂರ ನಡೆದಂತಾಗುತ್ತಿತ್ತು. ಕಳೆಯುವುದಕ್ಕೂ ಇದೇ ಮಾತು. ಗುಣಾಕಾರಕ್ಕೆ ಮಾತ್ರ ಈ ಅಡ್ಡಿ ಇಲ್ಲ: √(9 × 16) = √144 = 12, ಅದು 3 × 4 ಕೂಡ ಹೌದು.

√2, √8ರಂತೆ ಪೂರ್ಣಸಂಖ್ಯೆಯಾಗಿ ಬಿಡಿಸಲಾಗದ ಮೂಲಗಳಿಗೆ ನಮ್ಮ ಪಠ್ಯಗಳಲ್ಲಿರುವ 'ಕರಣಿ' ಎಂಬ ಪದ ನನಗೆ ಬಹಳ ಇಷ್ಟ, ಏಕೆಂದರೆ ಅರ್ಥ ಅದರೊಳಗೇ ಇದೆ. ಯಜ್ಞವೇದಿಗಳ ಅಳತೆ ಹೇಳುವ ಶುಲ್ಬಸೂತ್ರಗಳಲ್ಲಿ ದ್ವಿಕರಣಿ ಎಂದರೆ ಎರಡರಷ್ಟು ಕ್ಷೇತ್ರಫಲವುಳ್ಳ ಚೌಕದ ಬಾಹು. ಹಾಗೆ ನೋಡಿದರೆ √72 ಎಂಬುದು 72 ಚದರದ ಚೌಕದ ಬಾಹು, √8 ಎಂಬುದು 8 ಚದರದ ಚೌಕದ ಬಾಹು. ಲೆಕ್ಕ ಕೇಳಿದ್ದು ಬಾಹುವಿನಿಂದ ಬಾಹುವನ್ನು ಕಳೆಯಲು. ನೀವು ಕಳೆದದ್ದು ಕ್ಷೇತ್ರಫಲಗಳನ್ನು. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಇಂಥದೇ ಉದಾಹರಣೆಯಿದೆ. ಕರಣಿ 2 (ಅಂದರೆ √2) ಮತ್ತು ಕರಣಿ 8ನ್ನು ಕೂಡಿದರೆ ಕರಣಿ 10 ಅಲ್ಲ, ಕರಣಿ 18. ಎರಡು ಸಂಖ್ಯೆಗಳ ಮೊತ್ತಕ್ಕೆ ಅವುಗಳ ಗುಣಲಬ್ಧದ ಮೂಲದ ಎರಡರಷ್ಟನ್ನು ಸೇರಿಸಬೇಕು: 10 + 8. ಕಳೆಯುವಾಗ ಸೇರಿಸುವ ಬದಲು ತೆಗೆಯಬೇಕು. ನಿಮ್ಮ 72 ಮತ್ತು 8ಕ್ಕೆ ಹಾಗೆ ಮಾಡಿದರೆ 80 − 48 = 32. ಅಂದರೆ √72 − √8 ಎಂಬುದು √64 ಅಲ್ಲ, √32. ಕರಣಿ 3 ಮತ್ತು ಕರಣಿ 7 ಕೂಡುವುದೇ ಇಲ್ಲ, ಅವನ್ನು ಬೇರೆ ಬೇರೆಯಾಗಿಯೇ ಇಡಬೇಕು ಎಂಬುದೂ ಅಲ್ಲೇ ಇದೆ.

ಈಗಿನ ತರಗತಿಯಲ್ಲಿ ಇದೇ ಕೆಲಸವನ್ನು ಅಪವರ್ತನಗಳಿಂದ ಮಾಡುತ್ತೇವೆ. 72 = 36 × 2, ಅ⁵ = ಅ⁴ × ಅ. ಪೂರ್ಣವರ್ಗಗಳಾದ 36 ಮತ್ತು ಅ⁴ ಮೂಲಚಿಹ್ನೆಯಿಂದ ಹೊರಗೆ ಬಂದು ಮೊದಲ ಪದ 6ಅ²√(2ಅ) ಆಗುತ್ತದೆ. ಎರಡನೆಯದರಲ್ಲಿ 4 ಮತ್ತು ಅ² ಹೊರಬಂದು, ಹೊರಗೆ ಮೊದಲೇ ಇದ್ದ ಅ ಜೊತೆ ಸೇರಿ 2ಅ²√(2ಅ). ಎರಡರಲ್ಲಿಯೂ ಉಳಿದ ಕರಣಿ ಒಂದೇ ಆಗಿರುವುದರಿಂದ ಈಗ ಕಳೆಯಬಹುದು. ಉತ್ತರ 4ಅ²√(2ಅ).

ಇನ್ನು ಎರಡನೆಯ ಲೆಕ್ಕ. ವರ್ಗಮೂಲ, ಘನಮೂಲ, ಆರನೇ ಮೂಲ ಒಟ್ಟಿಗೆ ಕಂಡ ಕೂಡಲೇ ಮಗು ಹೆದರುತ್ತದೆ. ಮೂಲಚಿಹ್ನೆಯೂ ಒಂದು ಘಾತಾಂಕವೇ ಎಂದು ಅವಳಿಗೆ ಮನವರಿಕೆ ಮಾಡಿಕೊಡಿ. ಆಧಾರ ಒಂದೇ ಆಗಿದ್ದರೆ ಗುಣಿಸುವಾಗ ಘಾತಾಂಕಗಳನ್ನು ಕೂಡುತ್ತೇವೆ, ಭಾಗಿಸುವಾಗ ಕಳೆಯುತ್ತೇವೆ ಎಂಬುದು ಅವಳಿಗೆ ಗೊತ್ತಿದೆ. ಅ ಎಂಬುದಕ್ಕೆ ಘಾತಾಂಕ 1/2 ಕೊಟ್ಟು, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಘಾತಾಂಕ 1 ಆಗುತ್ತದೆ, ಅಂದರೆ ಬರಿಯ ಅ. ತನ್ನಿಂದಲೇ ಗುಣಿಸಿಕೊಂಡಾಗ ಅ ಆಗುವುದು √ಅ ತಾನೇ? ಹಾಗೆಯೇ ಘನಮೂಲಕ್ಕೆ 1/3, ಆರನೇ ಮೂಲಕ್ಕೆ 1/6. ನ್ಯೂಟನ್ 1676ರಲ್ಲಿ ಲೈಬ್ನಿಟ್ಸ್‌ಗೆ ತಲುಪಿಸಲು ಬರೆದ ಪತ್ರದಲ್ಲಿ ಮೂಲಗಳನ್ನು ಹೀಗೆ ಭಿನ್ನರಾಶಿ ಘಾತಾಂಕಗಳಾಗಿಯೇ ಬರೆದಿದ್ದಾರೆ. ಇಷ್ಟಾದರೆ ನಿಮ್ಮ ಲೆಕ್ಕದಲ್ಲಿ ಉಳಿಯುವುದು ಐದನೇ ತರಗತಿಯ ಭಿನ್ನರಾಶಿ: 2/3 + 1/2 − 1/6. ಛೇದ 6 ಮಾಡಿಕೊಂಡರೆ 4 + 3 − 1, ಅಂದರೆ 6/6. ಉತ್ತರ ಬರಿಯ ಅ. ಇದು ಬಿಡಿಸಿಕೊಳ್ಳುವ ಕ್ಷಣದಲ್ಲಿ ಮಕ್ಕಳ ಮುಖ ನೋಡಬೇಕು!

ಒಂದು ಎಚ್ಚರಿಕೆ. √(ಅ²) ಕಂಡರೆ ಯೋಚಿಸದೆ ಅ ಎಂದು ಬರೆಯಬಾರದು. ಅ ಬದಲಿಗೆ −5 ಇಟ್ಟು ನೋಡಿ: ವರ್ಗ 25, ಮೂಲ 5. ಚಿಹ್ನೆ ಕಳೆದುಹೋಯಿತು. ಅದು ಅ ಎಂಬುದರ ನಿರಪೇಕ್ಷ ಮೌಲ್ಯ. ನಿಮ್ಮ ಎರಡೂ ಲೆಕ್ಕಗಳಲ್ಲಿ ಈ ತೊಡಕಿಲ್ಲ, ಏಕೆಂದರೆ ಅ ಋಣವಾದರೆ ಮೂಲಚಿಹ್ನೆಯೊಳಗೆ ಋಣಸಂಖ್ಯೆ ಬರುತ್ತದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ 9ನೇ ಶತಮಾನದಲ್ಲೇ ಹೇಳಿದ್ದಾರೆ. ಮಗಳಿಗೆ ಈ ಹಂತದಲ್ಲಿ ಅಷ್ಟು ಸಾಕು.

ಛೇದದಲ್ಲಿ ಕರಣಿ ಉಳಿದರೆ ಅದೇ ಕರಣಿಯಿಂದ ಮೇಲೂ ಕೆಳಗೂ ಗುಣಿಸಿ. 6/√3 ಎಂಬುದು 2√3 ಆಗುತ್ತದೆ. ಹಾಗೆಯೇ 1/√2 ಎಂಬುದು √2/2 ಆಗುತ್ತದೆ. √2 ಸುಮಾರು 1.4142; ಕೈಯಲ್ಲಿ 1ನ್ನು 1.4142ರಿಂದ ಭಾಗಿಸುವುದಕ್ಕಿಂತ 1.4142ನ್ನು 2ರಿಂದ ಭಾಗಿಸುವುದು ಎಷ್ಟು ಸುಲಭ ಎಂದು ಒಮ್ಮೆ ಮಾಡಿಸಿದರೆ ಕಾರಣ ತಾನೇ ತಿಳಿಯುತ್ತದೆ.

ಉತ್ತರ ಬಂದ ಮೇಲೆ ಪುಸ್ತಕದ ಕೊನೆಯ ಪುಟ ತಿರುವಬೇಡಿ, ಅ ಬದಲಿಗೆ ಒಂದು ಸಂಖ್ಯೆ ಇಟ್ಟು ನೋಡಿ. 1 ಇಡಬೇಡಿ, ಅದರ ಎಲ್ಲ ಘಾತಗಳೂ 1 ಆಗಿ ತಪ್ಪು ಅಡಗಿಕೊಳ್ಳುತ್ತದೆ. ಮೊದಲನೆಯದರಲ್ಲಿ 2 ಇಟ್ಟರೆ √2304 − 2√64, ಅಂದರೆ 48 − 16 = 32; ನಮ್ಮ ಉತ್ತರದಲ್ಲಿ 4 × 4 × √4, ಅದೂ 32. ಎರಡನೆಯದಕ್ಕೆ 64 ಇಟ್ಟು ಮಗಳ ಕೈಯಲ್ಲೇ ಮಾಡಿಸಿ. 4096ರ ಘನಮೂಲ 16, 64ರ ವರ್ಗಮೂಲ 8, ಆರನೇ ಮೂಲ 2. ಹದಿನಾರನ್ನು ಎಂಟರಿಂದ ಗುಣಿಸಿ ಎರಡರಿಂದ ಭಾಗಿಸಿದಾಗ ಮತ್ತೆ ಅದೇ 64 ಬರುವುದನ್ನು ಅವಳೇ ಕಾಣಲಿ.